ತಣ್ಣಗಿರುವಾಗಲೇ ನೋಡಿ



ಕೊಬ್ಬರಿ ಮಾರಿ ಕೈಗೆ ನಾಲ್ಕು ಕಾಸು ಬಂದ ವಾರ ಅರಸೀಕೆರೆ ಸೀಮೆಯ ಎಷ್ಟೋ ಮನೆಗಳಲ್ಲಿ ಒಂದೇ ಜಟಾಪಟಿ. ಮಗನಿಗೆ ಬೈಕು ಬೇಕು. ಅಪ್ಪನ ಮನಸ್ಸಿನಲ್ಲಿರುವುದು ಮೈಲೇಜ್ ಕೊಡುವ ನೂರು ಸಿಸಿ ಗಾಡಿ. ಮಗನ ಮೊಬೈಲಿನಲ್ಲಿರುವುದು ಯಮಹಾ ಆರ್15, ಇಲ್ಲವೇ ಕೆಟಿಎಂ ಆರ್‌ಸಿ 200. ಹೊಸದಕ್ಕೆ ರೋಡಿಗೆ ಇಳಿಯುವ ಹೊತ್ತಿಗೆ ಎಷ್ಟಾಗುತ್ತದೆ ಎಂದು ಗೊತ್ತಾದ ಮೇಲೆ ಇಬ್ಬರೂ ರಾಜಿಯಾಗುವುದು ಸೆಕೆಂಡ್ ಹ್ಯಾಂಡ್ ಗಾಡಿಗೆ. ರಾಜಿಯೇನೂ ತಪ್ಪಲ್ಲ. ಆದರೆ ಹಳೇ ಸ್ಪ್ಲೆಂಡರ್ ನೋಡಿ ಪಳಗಿದ ಕಣ್ಣಿನಲ್ಲಿ ಹಳೇ ಸ್ಪೋರ್ಟ್ಸ್ ಬೈಕು ನೋಡಲು ಹೋದರೆ ಏಮಾರುವುದು ಖಂಡಿತ.

ಯಾಕೆಂದರೆ ಸ್ಪ್ಲೆಂಡರಿನಲ್ಲಿ ಎಲ್ಲವೂ ಬಟಾಬಯಲು. ಎಂಜಿನ್ ಎದುರಿಗೇ ಇದೆ. ಎಣ್ಣೆ ಸೋರಿದರೆ ಕಾಣುತ್ತದೆ, ಬೆಸುಗೆ ಹಾಕಿದ್ದರೆ ಕಾಣುತ್ತದೆ. ಅದನ್ನು ಓಡಿಸಿದವರು ಡೇರಿಗೆ ಹಾಲು ಹಾಕಿ ಬಂದವರು, ಬ್ಯಾಂಕಿಗೆ ಹೋಗಿ ಬಂದವರು. ಸ್ಪೋರ್ಟ್ಸ್ ಬೈಕಿನ ಕಥೆ ಬೇರೆ. ಮುಕ್ಕಾಲು ಪಾಲು ಗಾಡಿ ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಡಗಿರುತ್ತದೆ. ಆ ಹೊದಿಕೆಯನ್ನು ಮೆಕ್ಯಾನಿಕ್‌ಗಳು ಫೇರಿಂಗ್ ಅನ್ನುತ್ತಾರೆ. ಮೊದಲ ಒಡೆಯ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ಹುಡುಗ. ಮೀಟರಿನ ಕೆಂಪು ಗೆರೆ ಮುಟ್ಟಿಸುವುದಕ್ಕೇ ಗಾಡಿ ತೆಗೆದುಕೊಂಡವನು. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಓಡಿದೆ' ಎಂಬುದಲ್ಲ, 'ಎಷ್ಟು ಸಲ ಬಿದ್ದಿದೆ' ಎಂಬುದು. ಅದಕ್ಕೆ ಉತ್ತರ ಮಾರುವವನ ಬಾಯಿಂದ ಬರುವುದಿಲ್ಲ. ಗಾಡಿಯಿಂದಲೇ ಹೊರಡಿಸಬೇಕು.

ಯಾವ ಕಾಲದ ಗಾಡಿ ಎನ್ನುವುದನ್ನು ಮೊದಲು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಳ್ಳಿ. ಆರ್15 ನಮ್ಮ ದೇಶಕ್ಕೆ ಬಂದದ್ದು 2008ರಲ್ಲಿ: ನೂರೈವತ್ತು ಸಿಸಿ, ಕೂಲೆಂಟ್ ಹರಿಯುವ ಎಂಜಿನ್, ನಾಲ್ಕು ವಾಲ್ವು, ಆರು ಗೇರು. 2011ರಲ್ಲಿ ಎರಡನೆಯ ಆವೃತ್ತಿ, 2018ರಲ್ಲಿ 155 ಸಿಸಿಯ ಮೂರನೆಯದು. ಕೆಟಿಎಂ ಡ್ಯೂಕ್ 200 ಬಂದದ್ದು 2012ರಲ್ಲಿ, ಅದರ ಆರ್‌ಸಿ ಗಾಡಿಗಳು 2014ರಲ್ಲಿ. ಬಜಾಜ್‌ನ ಆರ್‌ಎಸ್200 ಬಂದದ್ದು 2015ರಲ್ಲಿ, ಟಿವಿಎಸ್ ಅಪಾಚೆ ಆರ್‌ಆರ್310 ಬಂದದ್ದು 2017ರ ಕೊನೆಯಲ್ಲಿ. ಇವುಗಳ ನಡುವೆ ನಾನು ಗೆರೆ ಎಳೆಯುವುದು 2019ರ ಏಪ್ರಿಲ್ ತಿಂಗಳಿಗೆ. ಅಂದಿನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಗಾಬರಿಯಲ್ಲಿ ಬ್ರೇಕ್ ಅದುಮಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ ಅದು. ಜುಲೈ ತಿಂಗಳಲ್ಲಿ ಬೇಲೂರು–ಮೂಡಿಗೆರೆ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ಅದೇ ದುಡ್ಡಿಗೆ 2014ರ ದೊಡ್ಡ ಗಾಡಿ, 2019ರ ಚಿಕ್ಕ ಗಾಡಿ ಎರಡೂ ಸಿಗುವುದಾದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಹುಡುಗರಿಗೆ ಈ ಮಾತು ರುಚಿಸುವುದಿಲ್ಲ, ಗೊತ್ತು.

ಇನ್ನು ಗಾಡಿ ಎಲ್ಲಿ ಹುಡುಕುವುದು? ನಮ್ಮ ಕಡೆಯ ಹುಡುಗರಿಗೆ ಅರಸೀಕೆರೆ ಜಂಕ್ಷನ್ ಅನುಕೂಲವೂ ಹೌದು, ಆಮಿಷವೂ ಹೌದು. ಬೆಳಿಗ್ಗೆ ರೈಲು ಹತ್ತುವುದು, ಮಧ್ಯಾಹ್ನ ಬೆಂಗಳೂರಿನಲ್ಲಿ ವ್ಯಾಪಾರ ಮುಗಿಸುವುದು, ಸಂಜೆ ತುಮಕೂರು, ತಿಪಟೂರು ದಾಟಿ ಗಾಡಿಯ ಮೇಲೇ ಊರು ಸೇರುವುದು. ಇದರಲ್ಲಿ ಎರಡು ತೊಂದರೆ. ಒಂದು, ಇವರು ಹೋಗುವ ಹೊತ್ತಿಗೆ ಮಾರುವವನು ಗಾಡಿಯನ್ನು ಒಂದು ಸುತ್ತು ಹೊಡೆಸಿ, ತೊಳೆದು, ಬಿಸಿ ಮಾಡಿ ನಿಲ್ಲಿಸಿರುತ್ತಾನೆ; ತಣ್ಣನೆಯ ಎಂಜಿನ್ನಿನಲ್ಲಿ ಕಾಣುವ ದೋಷ ಆಗ ಅಡಗಿಬಿಡುತ್ತದೆ. ಎರಡು, ಅಷ್ಟು ದೂರ ಹೋದ ಮೇಲೆ ಬರಿಗೈಯಲ್ಲಿ ವಾಪಸು ಬರುವುದಕ್ಕೆ ಯಾರಿಗೂ ಮನಸ್ಸಾಗುವುದಿಲ್ಲ. ಕೊಳ್ಳಲೇಬೇಕೆಂದು ಹೋದವನಿಗೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಹಿಂದಿನ ದಿನವೇ ಫೋನಿನಲ್ಲಿ ಹೇಳಿಬಿಡಿ: 'ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ.' ಹೋದ ತಕ್ಷಣ ಸೈಲೆನ್ಸರಿನ ಬುಡದ ಹತ್ತಿರ ಅಂಗೈ ಒಡ್ಡಿ. ಬಿಸಿಯಿದ್ದರೆ ಯಾಕೆ ಎಂದು ಕೇಳಿ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ಗಾಡಿ ತಣಿಯುವ ತನಕ ಕಾಯಿರಿ.

ಮೊದಲು ಕೀ ತಿರುಗಿಸಿ, ಬಟನ್ ಒತ್ತಬೇಡಿ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಬರಬೇಕು, ಎಂಜಿನ್ ಶುರುವಾದ ಮೇಲೆ ಆರಬೇಕು. ಆರದೇ ಉಳಿದರೆ ಇಂಜೆಕ್ಷನ್ ವ್ಯವಸ್ಥೆಯಲ್ಲಿ ದೋಷವಿದೆ. ದೀಪ ಬರಲೇ ಇಲ್ಲವೆಂದರೆ ಇನ್ನೂ ಕೆಟ್ಟದ್ದು, ಯಾರೋ ಅದನ್ನು ಬೇಕೆಂದೇ ಕಟ್ ಮಾಡಿರಬಹುದು. ಎಬಿಎಸ್ ದೀಪದ ಕಥೆಯೂ ಅದೇ: ಕೀ ತಿರುಗಿಸಿದಾಗ ಬರಬೇಕು, ಗಾಡಿ ಸ್ವಲ್ಪ ಮುಂದೆ ಉರುಳಿದ ಮೇಲೆ ಆರಬೇಕು.

ಈಗ ಬಟನ್ ಒತ್ತಿ, ಮಾತು ನಿಲ್ಲಿಸಿ. ನಮ್ಮ ಕೊಬ್ಬರಿ ವ್ಯಾಪಾರಿಗಳಿಗೆ ಈ ವಿದ್ಯೆ ಹೇಳಿಕೊಡಬೇಕಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳಿಬಿಡುತ್ತಾರೆ. ಅದೇ ಕಿವಿಯನ್ನು ಎಂಜಿನ್ನಿಗೂ ಕೊಡಿ. ಲೆಕ್ಕ ಮಾತ್ರ ತಿರುವುಮುರುವು: ಅಲ್ಲಿ ಗಡಗಡ ಅಂದರೆ ಲಾಭ, ಇಲ್ಲಿ ಗಡಗಡ ಅಂದರೆ ನಷ್ಟ. ತಣ್ಣನೆಯ ಎಂಜಿನ್ ಶುರುವಾದಾಗ ಒಂದೆರಡು ಕ್ಷಣ ಟೈಮಿಂಗ್ ಚೈನ್ ಕರಕರ ಎಂದು ಸುಮ್ಮನಾದರೆ ಗಾಬರಿ ಬೇಡ. ನಿಲ್ಲದಿದ್ದರೆ ಚೈನು, ಟೆನ್ಷನರು ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ನ್ಯೂಟ್ರಲ್‌ನಲ್ಲಿದ್ದಾಗ ಬರುವ ಸದ್ದು ಕ್ಲಚ್ ಹಿಡಿದಾಗ ನಿಂತರೆ ಅದು ಕ್ಲಚ್ ಭಾಗದ್ದು, ರಿಪೇರಿಯಾಗುವಂಥದ್ದು. ಆದರೆ ಎಕ್ಸಿಲರೇಟರ್ ಕೊಟ್ಟಾಗ ಅಡಿಯಿಂದ ಟೊಕ್ ಟೊಕ್ ಎಂದು ಭಾರವಾದ ಬಡಿತ ಬಂತೋ, ಅದು ಕ್ರ್ಯಾಂಕಿನ ಬೇರಿಂಗು. ನಮಸ್ಕಾರ ಹೇಳಿ ಹೊರಡಿ.

ಹೊಗೆಯನ್ನೂ ನೋಡಿ. ಬೆಳಗಿನ ಚಳಿಯಲ್ಲಿ ತೆಳ್ಳಗೆ ಬಿಳಿ ಆವಿ ಬಂದು ನಿಂತುಹೋಗುವುದು ಸಹಜ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ: ಪಿಸ್ಟನ್ ರಿಂಗು, ಬೋರು, ವಾಲ್ವ್ ಸೀಲು, ಇವುಗಳಲ್ಲಿ ಒಂದಕ್ಕೆ ಕೆಲಸ ಬಂದಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ. ಆಯಿಲ್ ಬಿರಡೆ ತೆಗೆದು ಅದರ ಒಳಮೈ ನೋಡಿ. ಬೆಳ್ಳಗೆ ನೊರೆ ಕಟ್ಟಿದ್ದರೆ ಅನುಮಾನ ಬಲವಾಗುತ್ತದೆ.

ಈಗ ಗಾಡಿಯ ಮುಂಭಾಗಕ್ಕೆ ಬನ್ನಿ. ನನ್ನ ಪ್ರಕಾರ ಇಡೀ ಪರೀಕ್ಷೆಯ ತಿರುಳು ಇಲ್ಲಿದೆ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಬಗ್ಗಿ, ಮೊಬೈಲಿನ ಟಾರ್ಚ್ ಹಾಕಿ ಹೆಡ್‌ಲೈಟಿನ ಹಿಂದೆ ಕೆಳಗೆ ನೋಡಿ. ಹ್ಯಾಂಡಲ್ ಎಷ್ಟು ತಿರುಗಬೇಕೋ ಅಷ್ಟಕ್ಕೇ ತಡೆಯುವ, ಬೆರಳ ತುದಿಯಷ್ಟು ದಪ್ಪದ ಒಂದು ಲೋಹದ ಗುಬಟು ಕಾಣುತ್ತದೆ. ಅದಕ್ಕೆ ಸ್ಟಾಪರ್ ಎನ್ನುತ್ತಾರೆ. ಬಲಕ್ಕೆ ತಿರುಗಿಸಿ ಆ ಬದಿಯದನ್ನೂ ನೋಡಿ. ಗಾಡಿ ಜೋರಾಗಿ ಬಿದ್ದಾಗ ಚಕ್ರ ನೆಲಕ್ಕೆ ಬಡಿದು ಹ್ಯಾಂಡಲ್ ಪೂರ್ತಿ ಒಂದು ಕಡೆಗೆ ಒದೆಯುತ್ತದೆ. ಆ ಏಟು ನೇರವಾಗಿ ಬೀಳುವುದು ಈ ಗುಬಟಿನ ಮೇಲೆ. ಬಣ್ಣ ಚಕ್ಕೆ ಎದ್ದಿರುತ್ತದೆ, ತಗ್ಗು ಬಿದ್ದಿರುತ್ತದೆ, ಒಮ್ಮೊಮ್ಮೆ ಮುರಿದು ಮತ್ತೆ ಬೆಸೆದಿರುತ್ತದೆ. ಟ್ಯಾಂಕಿಗೆ ಹೊಸ ಪೇಂಟ್ ಹೊಡೆಸಬಹುದು, ಡೂಮ್ ಹೊಸದು ಹಾಕಿಸಬಹುದು, ಸ್ಟಿಕ್ಕರ್ ಅಂಟಿಸಬಹುದು. ಈ ಗುಬಟಿಗೆ ಮಾತ್ರ ಯಾರೂ ಅಲಂಕಾರ ಮಾಡುವುದಿಲ್ಲ. ಅದು ಚಾಸಿಗೇ ಅಂಟಿಕೊಂಡಿರುವುದರಿಂದ ಬದಲಿಸಲೂ ಆಗುವುದಿಲ್ಲ. ಎರಡು ಬದಿಯ ಗುಬಟುಗಳಲ್ಲಿ ಒಂದು ನುಣ್ಣಗಿದ್ದು ಇನ್ನೊಂದು ಜಜ್ಜಿದ್ದರೆ, 'ಸ್ಟ್ಯಾಂಡ್ ಜಾರಿ ಬಿತ್ತು ಅಷ್ಟೇ' ಎಂಬ ಮಾತನ್ನು ನಂಬಬೇಡಿ.

ಅಲ್ಲೇ ಇರುವ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಿರಿ. ಉಗುರಿಗೆ ಸಿಕ್ಕುವ ತುಕ್ಕಿನ ಚುಕ್ಕೆ ಇದ್ದರೆ ಹೊಸ ಆಯಿಲ್ ಸೀಲ್ ಹಾಕಿಸಿದರೂ ಅದು ಬೇಗ ಹರಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ನಾಲ್ಕೈದು ಸಲ ಕೆಳಕ್ಕೆ ಅದುಮಿ. ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡಿದರೆ ಸೀಲ್ ಹೋಗಿದೆ. ಡ್ಯೂಕ್, ಆರ್‌ಸಿ ಥರದ ಗಾಡಿಗಳಲ್ಲಿ ಫೋರ್ಕು ತಲೆಕೆಳಗು, ಸೀಲು ಇರುವುದು ಕೆಳಗಡೆ. ಅಲ್ಲಿ ಸೋರಿದ ಎಣ್ಣೆ ನೇರ ಬ್ರೇಕಿನ ಮೇಲೆ ಇಳಿಯುತ್ತದೆ. ಸೋರಿಕೆ ಚಿಕ್ಕದು ಎಂದು ಬಿಡುವ ವಿಷಯವಲ್ಲ ಇದು.

ಈ ಗಾಡಿಗಳಲ್ಲಿ ಹಲವಕ್ಕೆ ನಡುವಿನ ಸ್ಟ್ಯಾಂಡ್ ಇರುವುದಿಲ್ಲವಾದ್ದರಿಂದ ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ಅವರು ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ವಾಲಿಸಿ ಮುಂದಿನ ಚಕ್ರ ಎತ್ತಿದಾಗ ಹ್ಯಾಂಡಲನ್ನು ಒಂದು ಬೆರಳಿನಿಂದ ನಿಧಾನ ತಿರುಗಿಸಿ. ನೆಟ್ಟಗೆ ಬಂದ ಜಾಗದಲ್ಲಿ ಕಟಕ್ ಎಂದು ಸಿಕ್ಕಿಕೊಂಡರೆ ಹ್ಯಾಂಡಲ್ ತಿರುಗಿಸುವ ಬೇರಿಂಗು, ಅಂದರೆ ಕೋನ್ ಸೆಟ್ ಹೋಗಿದೆ. ಆಮೇಲೆ ಹತ್ತಡಿ ಹಿಂದೆ ಸರಿದು, ಕುಕ್ಕರುಗಾಲಲ್ಲಿ ಕೂತು, ಹಿಂದಿನ ಚಕ್ರದ ಸಾಲಿನಲ್ಲೇ ಮುಂದಿನ ಚಕ್ರ ಇದೆಯೇ ನೋಡಿ.

ಫೇರಿಂಗ್ ಒಂದು ಬದಿಯದಾದರೂ ಬಿಚ್ಚಿ ತೋರಿಸಲು ಕೇಳಿ. ಸ್ಕ್ರೂಗಳ ತಲೆ ಸವೆದಿದ್ದರೆ ಅದು ಈಗಾಗಲೇ ಹಲವು ಸಲ ಬಿಚ್ಚಿದ ಗಾಡಿ. ಒಳಗೆ ರೇಡಿಯೇಟರಿನ ತೆಳು ರೆಕ್ಕೆಗಳು ಜಜ್ಜಿವೆಯೇ, ಎಂಜಿನ್ ಕವಚದ ಮೇಲೆ ಎಂ-ಸೀಲ್ ಮೆತ್ತಿದೆಯೇ, ಕೂಲೆಂಟ್ ಒಣಗಿದ ಕಲೆ ಇದೆಯೇ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. 'ಬಿಚ್ಚಿದರೆ ಕ್ಲಿಪ್ ಮುರಿಯುತ್ತೆ ಸಾರ್' ಎಂದು ಮಾರುವವನು ಹಟ ಹಿಡಿದರೆ ನೀವೂ ಹಟ ಹಿಡಿಯಿರಿ.

ಗಾಡಿ ಎಲ್ಲಿ ಓಡಿದೆ ಎನ್ನುವುದೂ ಮುಖ್ಯ. ರಾಷ್ಟ್ರೀಯ ಹೆದ್ದಾರಿ 73 ಅರಸೀಕೆರೆಯಿಂದ ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರು ಸೇರಿ, ಮೂಡಿಗೆರೆಯ ಮೇಲೆ ಚಾರ್ಮಾಡಿ ಘಾಟಿ ಇಳಿಯುತ್ತದೆ. ತೆಂಗಿನ ತೋಟದಲ್ಲಿ ಹೊರಟವನು ಒಂದೆರಡು ಗಂಟೆಯಲ್ಲಿ ಕಾಫಿ ತೋಟದಲ್ಲಿರುತ್ತಾನೆ. ಗಾಡಿಗೆ ಈ ಎರಡು ಸೀಮೆಗಳು ಕೊಡುವ ಕಾಟ ಬೇರೆ ಬೇರೆ. ಅರಸೀಕೆರೆ ಕಡೆ ಓಡಿದ್ದರಲ್ಲಿ ಏರ್ ಫಿಲ್ಟರ್ ಬಿಚ್ಚಿ ನೋಡಿ. ದೂಳು ಫಿಲ್ಟರ್ ದಾಟಿ ಒಳಗೆ ಹೋಗಿದ್ದರೆ ಎಂಜಿನ್ನಿನ ಆಯಸ್ಸು ಅಲ್ಲೇ ಸವೆದಿರುತ್ತದೆ. ಬೇಲೂರಿನ ಆಚೆ ಮಳೆಯಲ್ಲಿ ನೆಂದದ್ದರಲ್ಲಿ ಚೈನಿನ ತುಕ್ಕು, ಸೀಟಿನ ಕೆಳಗಿನ ವೈರ್ ಜೋಡಣೆಗಳ ಹಸಿರು ಕಿಲುಬು, ರೇಡಿಯೇಟರಿಗೆ ಮೆತ್ತಿದ ಕೆಸರು ನೋಡಿ. ನಂಬರ್ ಪ್ಲೇಟಿನಿಂದ ಅಂದಾಜು ಸಿಗುತ್ತದೆ: ಕೆಎ 13 ಹಾಸನ, 46 ಸಕಲೇಶಪುರ, 18 ಚಿಕ್ಕಮಗಳೂರು, 44 ತಿಪಟೂರು.

ಸವೆತದ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಕಿಲೋಮೀಟರ್ ಮೀಟರ್ ತಿದ್ದುವುದು ಕಷ್ಟವಲ್ಲ, ಹಾಗಾಗಿ ಅದನ್ನು ಬೇರೆ ಸಾಕ್ಷಿಗಳ ಜೊತೆ ತಾಳೆ ನೋಡಿ. ಹಿಂದಿನ ಸ್ಪ್ರಾಕೆಟಿನಿಂದ ಚೈನನ್ನು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಚೈನ್ ಸೆಟ್ ಮುಗಿದಿದೆ. ಬ್ರೇಕ್ ಡಿಸ್ಕ್ ಕನಿಷ್ಠ ಎಷ್ಟು ದಪ್ಪ ಇರಬೇಕು ಎಂಬುದನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾದದ್ದು. ಮೀಟರಿನಲ್ಲಿ ಎಂಟು ಸಾವಿರ ಕಿಲೋಮೀಟರ್ ತೋರಿಸುವ 2019ರ ಗಾಡಿಗೆ 2022ರ ಟೈರ್ ಇದ್ದರೆ, ಮೊದಲ ಜೋಡಿ ಅಷ್ಟು ಬೇಗ ಎಲ್ಲಿಗೆ ಹೋಯಿತು ಎಂದು ಕೇಳಿ. ಮೊದಲ ಆವೃತ್ತಿಯ ಆರ್15ಕ್ಕೆ ಕಂಪನಿ ಕೊಟ್ಟ ಹಿಂದಿನ ಟೈರಿನ ಅಗಲ ಬರೀ ನೂರು ಮಿಲಿಮೀಟರ್. ನೋಟಕ್ಕೆ ಸಣಕಲು ಎಂದು ಹಲವರು ದಪ್ಪ ಟೈರ್ ಹಾಕಿಸಿಕೊಂಡಿದ್ದಾರೆ; ಅಂಥ ಗಾಡಿಯಲ್ಲಿ ಪಿಕಪ್ಪೂ ಕಡಿಮೆ, ತಿರುವಿನ ಚುರುಕೂ ಕಡಿಮೆ. ಸೈಲೆನ್ಸರ್ ಬದಲಿಸಿದ್ದರೆ ಕಂಪನಿಯದನ್ನು ವ್ಯಾಪಾರದ ಜೊತೆಗೇ ಕೇಳಿ ತನ್ನಿ. ಅದಿಲ್ಲದೆ ಪೊಲೀಸರ ಕಾಟ, ಹೊಗೆ ಪರೀಕ್ಷೆಯ ಕಾಟ ಎರಡೂ ತಪ್ಪುವುದಿಲ್ಲ. ಜೊತೆಗೆ ಊರಿನ ಹಿರಿಯರ ಶಾಪ.

ಟ್ರಯಲ್ ನೋಡುವಾಗ ಹೆಲ್ಮೆಟ್ ಹಾಕಿ, ಲೈಸೆನ್ಸ್ ಜೇಬಿನಲ್ಲಿರಲಿ. ನಾಲ್ಕನೇ ಗೇರಿನಲ್ಲಿ ನಿಧಾನ ಹೋಗುತ್ತಾ ಒಮ್ಮೆಗೇ ಎಕ್ಸಿಲರೇಟರ್ ಕೊಡಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ. ಆರೂ ಗೇರು ಏರಿಸಿ ಇಳಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಗಾಡಿ ತಂದು ನಿಲ್ಲಿಸಿ, ಆಫ್ ಮಾಡದೆ ಹಾಗೇ ಬಿಡಿ. ಕೆಲವು ನಿಮಿಷದಲ್ಲಿ ರೇಡಿಯೇಟರ್ ಫ್ಯಾನು ತಾನೇ ಶುರುವಾಗಬೇಕು, ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ಬಿಸಿ ತೋರಿಸುವ ಕಡ್ಡಿ ಏರುತ್ತಲೇ ಹೋಗಿ ಫ್ಯಾನ್ ತಿರುಗದಿದ್ದರೆ ತಕ್ಷಣ ಆಫ್ ಮಾಡಿ. ಕೊಳ್ಳುವ ಆಸೆಯನ್ನೂ ಅಲ್ಲಿಗೇ ಆಫ್ ಮಾಡಿ.

ಚೆನ್ನಾಗಿರುವ ಗಾಡಿ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಒಂದು ಸುಲಭದ ಪಾಠಶಾಲೆ ಇದೆ.  ಹಳೇಬೀಡಿನ ದೇವಸ್ಥಾನದ ಮುಂದೆ ಭಾನುವಾರ ಬೆಳಿಗ್ಗೆ ನಿಂತರೆ ಬೆಂಗಳೂರಿನಿಂದ ಬಂದ ಸವಾರರ ಗಾಡಿಗಳು ಕಾಣಸಿಗುತ್ತವೆ. ಸೌಜನ್ಯದಿಂದ ಕೇಳಿದರೆ ಸವಾರರು ಸಂತೋಷದಿಂದಲೇ ತೋರಿಸುತ್ತಾರೆ. ತನ್ನ ಗಾಡಿಯ ಬಗ್ಗೆ ಮಾತಾಡು ಎಂದರೆ ಬೇಡ ಎನ್ನುವ ಬೈಕ್ ಸವಾರನನ್ನು ನಾನು ಕಂಡಿಲ್ಲ.

ಆರ್‌ಎಕ್ಸ್100 ಹುಡುಕುವವರಿಗೂ ಒಂದು ಮಾತು. 1985ರಿಂದ 1996ರವರೆಗೆ ತಯಾರಾದ 98 ಸಿಸಿಯ ಈ ಹಳೇ ಯಮಹಾ ಗಾಡಿಗೆ ಇವತ್ತು ಬಾಯಿಗೆ ಬಂದ ಬೆಲೆ. ಆರ್‌ಎಕ್ಸ್‌ಜಿಗೋ ಆರ್‌ಎಕ್ಸ್135ಕ್ಕೋ ಟ್ಯಾಂಕ್, ಸ್ಟಿಕ್ಕರ್ ಬದಲಿಸಿ ನೂರು ಎಂದು ಮಾರುವುದುಂಟು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ನೋಂದಣಿ ಪತ್ರ, ಅಂದರೆ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಓದಿ ತಾಳೆ ನೋಡಿ. ಉಜ್ಜಿ ಮತ್ತೆ ಪಂಚ್ ಹೊಡೆದ ಗುರುತು ಕಂಡರೆ ಬೆಲೆಯ ಮಾತೇ ಬೇಡ. ಖಾಸಗಿ ಬೈಕಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನವೀಕರಿಸದ ಹಳೇ ಗಾಡಿ ಕೊಂಡರೆ ಬಾಕಿ ಎಲ್ಲವೂ ನಿಮ್ಮ ತಲೆಗೆ.

ಹಾಗೆ ಕಾಗದಪತ್ರದ ಮಾತಿಗೆ ಬಂದೆವು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ವಿಮೆಯ ಅವಧಿ, ಫೈನಾನ್ಸ್ ಇದೆಯೇ ಎಂಬುದು ಸಿಗುತ್ತದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಆಕ್ಷೇಪಣೆ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ, ಸಹಿ ಹಾಕಿದ ಫಾರಂ 35 ಕೈಗೆ ಬರಬೇಕು. ಬೆಂಗಳೂರಿನ ಗಾಡಿಯಾದರೆ ಸಿಗ್ನಲ್ ಹಾರಿದ ದಂಡದ ಬಾಕಿ ನೋಡಿ. ಎರಡೂ ಕೀ ಇರಬೇಕು. ಹೊರ ರಾಜ್ಯದ ಗಾಡಿ ಅಗ್ಗ ಎಂದು ಮರುಳಾಗಬೇಡಿ. ಅಲ್ಲಿಂದ ಎನ್‌ಒಸಿ ತರಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಅಷ್ಟರಲ್ಲಿ ಅಗ್ಗವೆಲ್ಲ ಕರಗಿರುತ್ತದೆ. 'ಇನ್ಶೂರೆನ್ಸ್ ಇದೆ' ಎಂಬ ಮಾತನ್ನೂ ಬಿಡಿಸಿ ಕೇಳಿ. 2018ರ ಸೆಪ್ಟೆಂಬರಿನಿಂದ ಹೊಸ ಬೈಕುಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಯಿತು. ಅದೊಂದೇ ಇದ್ದರೆ ನಿಮ್ಮ ಗಾಡಿ ಮುರಿದಾಗ ನಯಾಪೈಸೆ ಬರುವುದಿಲ್ಲ.

ಮಗನಿಗಿನ್ನೂ ಹದಿನೆಂಟು ತುಂಬಿಲ್ಲ, ಆರ್‌ಸಿ ನನ್ನ ಹೆಸರಿನಲ್ಲಿರಲಿ ಎನ್ನುವ ತಂದೆಯರು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯನ್ನು ತಿಳಿದಿರಬೇಕು. ಅಪ್ರಾಪ್ತ ಹುಡುಗ ಓಡಿಸಿ ಅಪರಾಧವಾದರೆ ಪೋಷಕರಿಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಜೈಲು.

ಕಡೆಯದಾಗಿ, ಮಾರುವವರೂ ಈ ಮಾತು ಕೇಳುತ್ತಿರಬಹುದು, ಅವರಿಗೆ. ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ, ದುಡ್ಡು ಎಣಿಸಿಕೊಂಡು, 'ನೀವೇ ಯಾವಾಗಾದರೂ ಹೆಸರು ಬದಲಿಸಿಕೊಳ್ಳಿ' ಎಂದು ಕೀ ಕೊಡುವ ಪದ್ಧತಿ ನಮ್ಮ ಕಡೆ ಇದೆ. ಆ ಗಾಡಿ ಮೂರು ಕೈ ದಾಟಿ ಎಲ್ಲೋ ಯಾರಿಗೋ ಗುದ್ದಿದರೆ ನೋಟಿಸು ಬರುವುದು ನಿಮ್ಮ ಮನೆಗೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಒಡೆಯರು, ಪರಿಹಾರದ ಹೊಣೆಯೂ ಅವರದೇ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲೂ ವಾಹನ ಹಲವು ಕೈ ಬದಲಾಗಿತ್ತು. ರಾಜ್ಯದೊಳಗೇ ಮಾರಿದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒ ಕಚೇರಿಗೆ ತಿಳಿಸುವುದು ಮಾರಿದವರ ಕರ್ತವ್ಯ, ಮೂವತ್ತು ದಿನದೊಳಗೆ ಅರ್ಜಿ ಹಾಕುವುದು ಕೊಂಡವರ ಕರ್ತವ್ಯ. ಗಾಡಿ ಕೊಟ್ಟ ದಿನಾಂಕ, ಗಂಟೆ ಎರಡನ್ನೂ ಬರೆದು ಇಬ್ಬರೂ ಸಹಿ ಮಾಡಿ, ಪರಸ್ಪರರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಹಿಂದೆ ಹೀಗೆ ಮಾರಿ ಮರೆತ ಗಾಡಿ ನಿಮ್ಮದೊಂದು ಇದ್ದರೆ ಇವತ್ತೇ ಎಂಪರಿವಾಹನ್ ಆ್ಯಪಿನಲ್ಲಿ ಅದರ ನಂಬರ್ ಹಾಕಿ, ಇನ್ನೂ ನಿಮ್ಮ ಹೆಸರಿನಲ್ಲೇ ಇದೆಯೇ ಎಂದು ನೋಡಿ.